ಅಂಚು ಬಿಟ್ಟು ಕತ್ತರಿಸುವ ಅಕ್ಕ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಕಾಲೇಜು ಗ್ರಂಥಾಲಯದ ಹಿಂಬಾಗಿಲ ಮೆಟ್ಟಿಲ ಮೇಲೆ ಒಂಬತ್ತು ಪತ್ರಿಕೆಗಳ ಕಟ್ಟು ಬಂದು ಬಿದ್ದಿದೆ. ಎಲ್ಲಕ್ಕಿಂತ ಮೇಲಿರುವುದು ಇಬ್ಬನಿಗೆ ನೆನೆದು ಮೆತ್ತಗಾಗಿದೆ. ಬೀಗ ತೆಗೆದ ಹೆಂಗಸು ಅದನ್ನು ಎರಡೂ ಕೈಯಲ್ಲಿ ಎತ್ತಿ ಒಳಗೆ ಒಯ್ದು, ಕುರ್ಚಿಯ ಬೆನ್ನಿಗೆ ಹರಡಿ, ಮಿಂದು ಬಂದ ಮಗುವಿನ ತಲೆ ಒರೆಸುವಂತೆ ಹಳೆಯ ಬಟ್ಟೆಯಿಂದ ಒತ್ತಿ ಒತ್ತಿ ಒರೆಸುತ್ತಾರೆ. ಆಮೇಲೆ ಕಿಟಕಿ ಪಕ್ಕದ ಮೇಜಿಗೆ ಕೂತು, ಸೊಂಟಕ್ಕೆ ದಾರದಲ್ಲಿ ಕಟ್ಟಿಕೊಂಡ ಕತ್ತರಿಯನ್ನು ಬಿಚ್ಚುತ್ತಾರೆ. ದರ್ಜಿಗಳು ಬಳಸುವ ಉದ್ದನೆಯ ಕತ್ತರಿ. ಹಿಡಿಗೆ ಸುತ್ತಿದ ಬಟ್ಟೆ ಹೆಬ್ಬೆರಳಿನ ಜಾಗದಲ್ಲಿ ಮಾತ್ರ ಸವೆದು ನುಣುಪಾಗಿದೆ.

ಮೊದಲ ಪುಟವನ್ನು ಅವರು ನೋಡುವುದೇ ಇಲ್ಲ. ಯುದ್ಧ, ಚುನಾವಣೆ, ಕ್ರಿಕೆಟ್ ಎಲ್ಲವನ್ನೂ ದಾಟಿ ಬೆರಳು ನೇರ ಐದನೆಯ ಪುಟಕ್ಕೆ ಹೋಗುತ್ತದೆ. ಅಲ್ಲೊಂದು ಮೂಲೆಯಲ್ಲಿ, ಅರವತ್ತು ವರ್ಷ ಒಲೆ ಉರಿಸಿ ಈಗ ಬಾಗಿಲು ಹಾಕುತ್ತಿರುವ ಬೇಕರಿಯೊಂದರ ಸುದ್ದಿ ಇದೆ. "ಮೊದಲನೇ ಪುಟನ ಎಲ್ಲರೂ ಇಟ್ಕೋತಾರಮ್ಮ. ಐದನೇ ಪುಟಕ್ಕೆ ಹೇಳೋರು ಕೇಳೋರು ಯಾರೂ ಇಲ್ಲ. ಅದಕ್ಕೆ ನಾನಿದೀನಿ," ಅನ್ನುತ್ತಾರೆ, ತಲೆ ಎತ್ತದೆ.

ಕತ್ತರಿ ಹಾಕುವ ಮೊದಲು ಹಾಳೆಯನ್ನು ಮಗುಚಿ ಬೆನ್ನು ನೋಡುತ್ತಾರೆ. ಸೀಸದ ಕಡ್ಡಿಯಿಂದ ಅಂಚಿನಲ್ಲಿ ಪತ್ರಿಕೆಯ ಹೆಸರು, ದಿನಾಂಕ, ಪುಟಸಂಖ್ಯೆ ಬರೆಯುತ್ತಾರೆ. ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳುತ್ತಾರೆ. ಆಮೇಲೆ ಸುದ್ದಿಯ ಸುತ್ತ ಒಂದು ಬೆರಳಿನಷ್ಟು ಖಾಲಿ ಅಂಚು ಬಿಟ್ಟು, ನಿಧಾನವಾಗಿ, ಕತ್ತರಿಸುತ್ತಾರೆ. ಆ ಒಂದು ಬೆರಳಿನ ಅಂಚಿನ ಹಿಂದೆ ಮೂವತ್ತು ವರ್ಷದ ಕಥೆ ಇದೆ.

ಇವರ ಹೆಸರು ಹಾಜರಿ ಪುಸ್ತಕದಲ್ಲಿ ಇದೆ, ಆದರೆ ಯಾರಿಗೂ ಗೊತ್ತಿಲ್ಲ. ಪ್ರಿನ್ಸಿಪಾಲರಿಂದ ಹಿಡಿದು ಗೇಟಿನವರವರೆಗೆ ಎಲ್ಲರಿಗೂ ಇವರು 'ಕತ್ತರಿ ಅಕ್ಕ'. ಹುದ್ದೆ ಅಟೆಂಡರ್. ಓದಿದ್ದು ಹತ್ತನೇ ಕ್ಲಾಸು. ಮೂವತ್ತಮೂರು ವರ್ಷಗಳಿಂದ ಈ ಊರಿನ ಸುದ್ದಿಗಳನ್ನು ಪತ್ರಿಕೆಗಳಿಂದ ಕತ್ತರಿಸಿ, ವಿಷಯಕ್ಕೊಂದು ರಟ್ಟಿನ ಡಬ್ಬದಂತೆ ಜೋಡಿಸಿಡುವುದು ಇವರ ಕೆಲಸ. ದಿನಕ್ಕೆ ಒಂಬತ್ತು ಪತ್ರಿಕೆ, ಮೂವತ್ತರಿಂದ ನಲವತ್ತು ತುಣುಕು, ಒಂದು ಬಟ್ಟಲು ಅಂಟು. ಡಬ್ಬಗಳು ಇನ್ನೂರ ಹನ್ನೆರಡು. ಸೇತುವೆಗೊಂದು, ಆಸ್ಪತ್ರೆಗೊಂದು, ಉದ್ಯಾನಕ್ಕೊಂದು, ಮರಗಳಿಗೆ ಎರಡು, ಸಿನಿಮಾ ಮಂದಿರಗಳಿಗೆ ನಾಲ್ಕು. ಕತ್ತರಿಸಿ ಉಳಿದ ಪತ್ರಿಕೆ ವಾರಕ್ಕೊಮ್ಮೆ ರದ್ದಿಗೆ ಹೋಗುತ್ತದೆ. ಅಂದರೆ ಡಬ್ಬದಲ್ಲಿ ಉಳಿದದ್ದೇ ಉಳಿದದ್ದು.

ನಮ್ಮ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಕಾಡಿನ ನಡುವೆ ಯಾವಾಗಲೂ ಒಬ್ಬಳು ಮುದುಕಿ ಕೂತಿರುತ್ತಿದ್ದಳು. ದಾರಿ ತಪ್ಪಿದ ರಾಜಕುಮಾರ ಅವಳ ಗುಡಿಸಲಿಗೇ ಬರಬೇಕು. ಅವಳು ನೀರು ಕೊಟ್ಟು, ನಾಲ್ಕು ಬೈದು, ಎತ್ತ ಹೋಗಬೇಕೆಂದು ತೋರಿಸುತ್ತಿದ್ದಳು. ರಾಜಕುಮಾರನ ಮದುವೆಯಾಗುವ ಹೊತ್ತಿಗೆ ಆ ಮುದುಕಿಯನ್ನು ಎಲ್ಲರೂ ಮರೆತಿರುತ್ತಿದ್ದರು. ನಾನೊಬ್ಬಳು ಮಾತ್ರ ಕೇಳುತ್ತಿದ್ದೆ, ಅಜ್ಜಿ, ಆ ಮುದುಕಿ ಏನಾದಳು ಅಂತ. ಈ ಕಾಲೇಜಿನಲ್ಲಿ ಓದಿದ ಮೇಲೆ ನನಗೆ ಉತ್ತರ ಸಿಕ್ಕಿದೆ. ಅವಳು ಮಾರನೇ ದಿನವೂ ಆರಕ್ಕೆ ಬಂದು ಬೀಗ ತೆಗೆಯುತ್ತಾಳೆ.

ಅಕ್ಕನ ಮೇಜಿನ ಮುಂದೆ ವರ್ಷಕ್ಕೊಮ್ಮೆ ಜಾತ್ರೆ ಸೇರುತ್ತದೆ. ಎರಡನೇ ವರ್ಷದ ಮಕ್ಕಳಿಗೆ ಇಲ್ಲಿನ ಮೇಷ್ಟ್ರೊಬ್ಬರು ಒಂದು ಪ್ರಾಜೆಕ್ಟ್ ಕೊಡುತ್ತಾರೆ. ಎಲ್ಲರೂ ಸೇರಿ ಬರೆಯುವ ಅಂತರ್ಜಾಲದ ವಿಶ್ವಕೋಶ ಇದೆಯಲ್ಲ, ಅದಕ್ಕೆ ಇಬ್ಬಿಬ್ಬರು ಸೇರಿ ಹೊಸದೊಂದು ಲೇಖನ ಬರೆಯಬೇಕು. ಬರೆಯುವುದಕ್ಕಿಂತ ವಿಷಯ ಆರಿಸುವುದೇ ಕಷ್ಟ. ಆ ವಿಷಯದ ಮೇಲೆ ಈಗಾಗಲೇ ಲೇಖನ ಇರಬಾರದು. ತಮಗೆ ಗೊತ್ತಿದೆ, ಅಪ್ಪ ಹೇಳಿದರು ಎನ್ನುವಂತಿಲ್ಲ; ಬರೆದ ಮಾತಿಗೆ ಅಚ್ಚಾದ ಆಧಾರ ಬೇಕು. ಅಂಥ ಆಧಾರ ಕನಿಷ್ಠ ಮೂರು ಇರಬೇಕೆಂಬುದು ಮೇಷ್ಟ್ರ ನಿಯಮ. ನಲವತ್ತೆರಡು ಮಕ್ಕಳು, ಇಪ್ಪತ್ತೊಂದು ಜೋಡಿ, ವಿಷಯ ಆರಿಸಲು ಹತ್ತು ದಿನದ ಗಡುವು. ಮೊದಲ ದಿನ ಎಲ್ಲರೂ ಜ್ವಾಲಾಮುಖಿ, ಫುಟ್‌ಬಾಲು, ಕಪ್ಪು ಕುಳಿ ಅಂತ ಆಕಾಶ ಪಾತಾಳ ಒಂದು ಮಾಡುತ್ತಾರೆ. ಅವೆಲ್ಲ ಎಂದೋ ಬರೆದು ಮುಗಿದಿವೆ ಎಂದು ತಿಳಿದ ಎರಡನೇ ದಿನ ಮುಖ ಸಣ್ಣದು ಮಾಡಿಕೊಂಡು ಅಕ್ಕನ ಹತ್ತಿರ ಬರುತ್ತಾರೆ.

ಐದು ವರ್ಷದ ಹಿಂದೆ ನಾನೂ ಹೀಗೇ ಬಂದಿದ್ದೆ. ನನ್ನ ವಿಷಯ 'ಚಂದ್ರ'. ಅಕ್ಕ ನಗಲಿಲ್ಲ, ಅದು ಅವರ ದೊಡ್ಡತನ. ಚಂದ್ರನಿಗೆ ಬೇಕಾದಷ್ಟು ಜನ ಇದಾರೆ ಕಣಮ್ಮ, ಹಿಂದೆಲ್ಲ ನಿಮ್ಮ ಬೀದಿಲಿ ದೀಪ ಹಚ್ಚೋರು ಒಬ್ಬರು ಇದ್ದರಲ್ಲ, ಅವರಿಗೆ ಯಾರಿದಾರೆ ಎಂದು ಕೇಳಿ, 'ಬೀದಿ ದೀಪ' ಎಂದು ಬರೆದ ಡಬ್ಬವನ್ನು ನನ್ನ ಮುಂದೆ ತಳ್ಳಿದರು. ಸೀಮೆಎಣ್ಣೆಯ ದೀಪಕಂಬಗಳ ಬಗ್ಗೆ ಅಂದು ಬರೆದ ಆ ನಾಲ್ಕು ಪ್ಯಾರಾ ನನ್ನ ಬದುಕಿನ ಮೊದಲ ಬರವಣಿಗೆ. ಅದರ ಋಣ ಈ ಲೇಖನದಲ್ಲಿ ತೀರುತ್ತದೆ ಎಂದುಕೊಂಡಿಲ್ಲ.

ಈ ವರ್ಷದ ಜಾತ್ರೆಯಲ್ಲಿ ನಡೆದದ್ದನ್ನು ಹೇಳಲೇಬೇಕು.

ಜೋಡಿಯಲ್ಲಿ ಒಬ್ಬಳಿಗೆ ಉದ್ದ ಜಡೆ, ಇನ್ನೊಬ್ಬನಿಗೆ ದಪ್ಪ ಕನ್ನಡಕ. ಅಕ್ಕ ಅವರನ್ನು ಹಾಗೇ ಕರೆಯುತ್ತಾರೆ, ಜಡೆ ಮತ್ತು ಕನ್ನಡಕ. ಜಡೆಗೆ ವಿಷಯ ಮೊದಲೇ ಗೊತ್ತಿತ್ತು. ಅವಳ ಅಜ್ಜಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಫೋನ್ ಮಾಡಿದವರಿಗೆ ಕೇಳಿದ ನಂಬರನ್ನು ಕೈಯಿಂದಲೇ ತಂತಿ ಚುಚ್ಚಿ ಜೋಡಿಸಿಕೊಡುತ್ತಿದ್ದ ಕಾಲ ಅದು. ಇಪ್ಪತ್ತಾರು ವರ್ಷ ಆ ಕೆಲಸ ಮಾಡಿ, ಯಂತ್ರ ಬಂದು ಎಕ್ಸ್‌ಚೇಂಜ್ ಮುಚ್ಚಿದ ಕೊನೆಯ ದಿನದ ಕೊನೆಯ ಕರೆಯನ್ನೂ ಅವರೇ ಜೋಡಿಸಿದರೆಂದು ಮನೆಯ ಮಾತು. ಈಗ ಎಂಬತ್ತನಾಲ್ಕು. ಊರಿಗೆಲ್ಲ ಕಿವಿಯಾಗಿದ್ದವರಿಗೆ ಈಗ ಕಿವಿಯೇ ಕೇಳುವುದಿಲ್ಲ. ಅವರು ಇರುವಾಗಲೇ ಅವರ ಬಗ್ಗೆ ಬರೆದು ತೋರಿಸಬೇಕೆಂಬುದು ಮೊಮ್ಮಗಳ ಹಟ.

ಮೇಷ್ಟ್ರು ಒಪ್ಪಲಿಲ್ಲ. ಅಜ್ಜಿ ಬಗ್ಗೆ ಅಚ್ಚಾದ ಒಂದು ಸಾಲೂ ಇಲ್ಲ, ಮನೆಯ ಕಥೆ ವಿಶ್ವಕೋಶಕ್ಕೆ ಸಲ್ಲದು ಎಂದರು. ಮಾತು ನ್ಯಾಯವಾದದ್ದೇ. ಆದರೂ ಹುಡುಗಿ ಅಕ್ಕನ ಮೇಜಿನ ಮುಂದೆ ಬಂದು ನಿಂತಾಗ ಕಣ್ಣಂಚು ಒದ್ದೆಯಾಗಿತ್ತಂತೆ.

ಅಕ್ಕ ಅವಳಿಗೆ ಹೇಳಿದ ಮಾತನ್ನು ಈಗ ತರಗತಿಯೆಲ್ಲ ಗಿಣಿಪಾಠ ಮಾಡಿದೆ. "ಅಜ್ಜಿನ ಬಿಡು ಪುಟ್ಟಿ, ಅಜ್ಜಿ ಕೂತಿದ್ದ ಕುರ್ಚಿ ತಗೋ. ಎಕ್ಸ್‌ಚೇಂಜ್ ಬಗ್ಗೆ ಬರಿ. ಕುರ್ಚಿ ಬಂದ ಮೇಲೆ ಕೂತೋರು ಎಲ್ಲಿಗೆ ಹೋಗ್ತಾರೆ?"

ಎಕ್ಸ್‌ಚೇಂಜಿಗೆ ಎರಡು ಆಧಾರ ಸುಲಭವಾಗಿ ಸಿಕ್ಕವು. ಊರಿನ ಚರಿತ್ರೆಯ ಪುಸ್ತಕದಲ್ಲಿ ಒಂದು ಪುಟ, ಟೆಲಿಫೋನ್ ಇಲಾಖೆಯ ಹಳೆಯ ಕೈಪಿಡಿಯಲ್ಲಿ ಒಂದು ಪ್ಯಾರಾ. ಮೂರನೆಯದು ಡಬ್ಬದಲ್ಲೇ ಇತ್ತು. ಈಗ ನಿಂತುಹೋಗಿರುವ ಸಂಜೆ ಪತ್ರಿಕೆಯೊಂದರ ಐದನೇ ಪುಟದ ದೊಡ್ಡ ಸುದ್ದಿ, ಚಿತ್ರದ ಸಮೇತ. ತಂತಿಗಳ ಗೋಡೆಯ ಮುಂದೆ ಏಳು ಹೆಂಗಸರು ಬೆನ್ನು ಮಾಡಿ ಕೂತಿದ್ದಾರೆ. ಎರಡನೆಯ ಕುರ್ಚಿಯ ಒಂದು ಕಾಲಿನ ಕೆಳಗೆ ಮಡಿಸಿದ ಕಾಗದ ತುರುಕಿದೆ. ಶೀರ್ಷಿಕೆ, 'ಇಂದು ಮಧ್ಯಾಹ್ನ ಕೊನೆಯ ಕರೆ'. ಯಾವ ಇಂದು? ಅದೇ ಇಲ್ಲ. ತುಣುಕನ್ನು ಅಕ್ಷರದ ಅಂಚಿಗೇ, ಒಂದು ಕೂದಲೂ ಹೆಚ್ಚುಕಡಿಮೆ ಇಲ್ಲದಂತೆ, ಬಲು ಅಂದವಾಗಿ ಕತ್ತರಿಸಿಡಲಾಗಿದೆ. ದಿನಾಂಕ ಹೊರಗೆ ಉಳಿದು ರದ್ದಿಗೆ ಹೋಗಿದೆ.

ಕತ್ತರಿಸಿದ್ದು ಯಾರು? ಅಕ್ಕನೇ.

"ಹೊಸದಾಗಿ ಸೇರಿದ್ದೆ. ಕಸ ಗುಡಿಸೋಕೆ ಅಂತ ತಗೊಂಡು ಕತ್ತರಿ ಕೆಲಸ ಕೊಟ್ಟಿದ್ರು. ಚೆನ್ನಾಗಿ ಮಾಡ್ತೀನಿ ಅಂತ ತೋರಿಸಬೇಕಿತ್ತು ನೋಡು, ಅಂಚೆಲ್ಲ ಒಪ್ಪವಾಗಿ ತೆಗೆದುಬಿಟ್ಟೆ. ಎಂಟು ತಿಂಗಳು ಹಾಗೇ ಕತ್ತರಿಸಿದೀನಿ. ಲೈಬ್ರರಿಯನ್ ಸಾಹೇಬ್ರು ಬಂದು ಎಷ್ಟು ನೀಟಾಗಿದೆ ಅಂತ ಹೊಗಳೋರು," ಎಂದು ಅಕ್ಕ ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ತಪ್ಪು ಗೊತ್ತಾಗಿದ್ದು ಆ ಎಂಟು ತಿಂಗಳಾದ ಮೇಲೆ. ಮಧ್ಯವಯಸ್ಸಿನವರೊಬ್ಬರು ಬಂದು, ಗಿರಣಿಯಲ್ಲಿ ಅಪಘಾತವಾಗಿದ್ದ ತಮ್ಮ ತಂದೆಯ ಸುದ್ದಿ ಹುಡುಕಿಕೊಡಿ ಎಂದು ಕೇಳಿದರು. ಯಾವುದೋ ಕಚೇರಿಗೆ ಅದು ನಡೆದ ದಿನ ತೋರಿಸಬೇಕಿತ್ತು. ಅಕ್ಕ ಐದು ನಿಮಿಷದಲ್ಲಿ ಸುದ್ದಿ ಹುಡುಕಿಕೊಟ್ಟರು. ಅವರು ತುಣುಕನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ದಿನಾಂಕ ಇರಲಿಲ್ಲ. ಅವರು ಕೂಗಾಡಲಿಲ್ಲ. ಪರವಾಗಿಲ್ಲಮ್ಮ, ನೀವು ಹುಡುಕಿದಿರಲ್ಲ, ಉಪಕಾರವಾಯಿತು ಎಂದು ಕೈಮುಗಿದು ಹೋದರು.

"ಬೈದಿದ್ರೆ ಮರೆತುಬಿಡ್ತಿದ್ನೇನೋ. ಉಪಕಾರ ಆಯ್ತು ಅಂದ್ರಲ್ಲ, ಅದು ಇನ್ನೂ ಇಲ್ಲೇ ಇದೆ," ಎಂದು ಅಕ್ಕ ಕಿವಿ ಮುಟ್ಟಿ ತೋರಿಸುತ್ತಾರೆ.

ಅಂದು ಮನೆಗೆ ಹೋಗಿ ಗಂಡನಿಗೆ ಹೇಳಿದರಂತೆ. ಗಂಡ ದರ್ಜಿ. ಕತ್ತರಿ ಬಂದದ್ದೂ ಅವರ ಅಂಗಡಿಯಿಂದಲೇ. ಅವರು ಹೊಲಿಗೆ ಯಂತ್ರ ನಿಲ್ಲಿಸದೆಯೇ ಕೇಳಿದರು: "ಹೊಲಿಗೆಗೆ ಅಂತ ಬಟ್ಟೆ ಬಿಡದೆ ಯಾರಾದ್ರೂ ಕತ್ತರಿಸ್ತಾರೇನೇ? ಆಮೇಲೆ ಬಿಚ್ಚಿ ದೊಡ್ಡದು ಮಾಡಬೇಕು ಅಂದ್ರೆ ಎಲ್ಲಿಂದ ತರ್ತೀಯ?" ದರ್ಜಿಯ ಹೆಂಡತಿಯಾಗಿ ಇಷ್ಟು ತಿಳಿಯಲಿಲ್ಲವಲ್ಲ ಎಂದು ಅಕ್ಕನಿಗೆ ನಾಚಿಕೆಯಾಯಿತು. ಮಾರನೇ ದಿನದಿಂದ ಒಂದು ಬೆರಳು ಅಂಚು. ಅಷ್ಟೇ ಅಲ್ಲ, ಒಂದು ನೋಟ್‌ಬುಕ್ಕಿನ ಮೇಲೆ 'ದಿನ ಇಲ್ಲದವು' ಎಂದು ಬರೆದು, ದಿನಾಂಕ ಕಳೆದುಕೊಂಡ ತುಣುಕುಗಳನ್ನೆಲ್ಲ ಪಟ್ಟಿ ಮಾಡಿದರು. ಆಗ ದಿನಕ್ಕೆ ಮೂರು ನಾಲ್ಕು ತುಣುಕಷ್ಟೇ, ಆದರೂ ಎಂಟು ತಿಂಗಳಿಗೆ ಆರುನೂರ ಹದಿನಾಲ್ಕು. ನಿವೃತ್ತಿಯಾಗುವುದರೊಳಗೆ ಒಂದೊಂದಕ್ಕೂ ಅದರ ದಿನವನ್ನು ಮರಳಿ ಕೊಡಬೇಕೆಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡರು.

ರದ್ದಿಗೆ ಹೋದ ಕಾಗದದಿಂದ ದಿನಾಂಕ ಬರುವುದು ಹೇಗೆ? ಇಲ್ಲೇ ಇರುವುದು ಅಕ್ಕನ ವಿದ್ಯೆ. ಅವರು ಬೆನ್ನು ಓದುತ್ತಾರೆ. ಪ್ರತಿ ತುಣುಕಿನ ಹಿಂದೆ ಬೇರೇನೋ ಅಚ್ಚಾಗಿರುತ್ತದಲ್ಲ, ಅರ್ಧ ಸಿನಿಮಾ ಜಾಹೀರಾತು, ಹವಾಮಾನದ ಎರಡು ಸಾಲು, ಪಂದ್ಯವೊಂದರ ಅಂಕ. ಆ ಸಿನಿಮಾ ಬಿಡುಗಡೆಯಾದ ವಾರ ಯಾವುದು, ಅಷ್ಟು ಮಳೆ ಬಿದ್ದ ದಿನ ಯಾವುದು ಎಂದು ಬೇರೆ ಪುಸ್ತಕಗಳಲ್ಲಿ ಹುಡುಕುತ್ತಾ, ಎಳೆ ಹಿಡಿದು ಹೋಗಿ ದಿನವನ್ನು ಮುಟ್ಟುತ್ತಾರೆ. ಒಂದು ಸಾಕ್ಷಿ ಸಾಲದು, ಎರಡು ಬೇಕು. ಎರಡು ಸಿಗದಿದ್ದರೆ ಬರೆಯುವುದಿಲ್ಲ. ಬೆನ್ನು ಓದಲು ಸಾಧ್ಯವಾದದ್ದು ಅಂದಿನ ಲೈಬ್ರರಿಯನ್ನರ ಜಿಪುಣತನದಿಂದ. ಅಂಟು ದಂಡ ಮಾಡಬೇಡ, ತಲೆಗೆ ಮಾತ್ರ ಹಚ್ಚು ಎಂದು ಅವರು ಗದರುತ್ತಿದ್ದರು. ಹಾಗಾಗಿ ಪ್ರತಿ ತುಣುಕೂ ಕಿಟಕಿಯ ಪರದೆಯಂತೆ ಮೇಲಂಚಿನಲ್ಲಿ ಮಾತ್ರ ಅಂಟಿ ನಿಂತಿದೆ, ಎತ್ತಿದರೆ ಬೆನ್ನು ಕಾಣುತ್ತದೆ. ಆ ಪುಣ್ಯಾತ್ಮರು ಇನ್ನಷ್ಟು ಜಿಪುಣರಾಗಿದ್ದರೂ ಸರಿಯೇ ಇತ್ತು ಎನ್ನುತ್ತಾರೆ ಅಕ್ಕ.

ಎರಡು ವರ್ಷದ ಹಿಂದೆ ತುಣುಕುಗಳನ್ನು ಕಂಪ್ಯೂಟರಿಗೆ ಏರಿಸಲು ಹೊರಗಿನಿಂದ ಇಬ್ಬರು ಬಂದಿದ್ದರು. ಮುಂಭಾಗ ಮಾತ್ರ ಸ್ಕ್ಯಾನ್ ಮಾಡುತ್ತಿದ್ದರು. ಅಕ್ಕ ಅವರ ಬೆನ್ನು ಹತ್ತಿ, ಹಿಂದುಗಡೆದೂ ತೆಗೀರಪ್ಪ ಎಂದು ಗೋಗರೆದರು. ಅರ್ಧ ಸೋಪಿನ ಜಾಹೀರಾತು ಯಾರಿಗೆ ಬೇಕಮ್ಮ ಎಂದು ಅವರು ನಕ್ಕರು. ಅಕ್ಕ ವಾದಕ್ಕೆ ನಿಲ್ಲಲಿಲ್ಲ. ಅವರು ಯಂತ್ರ ನಡೆಸುವುದನ್ನು ನೋಡಿ, ಅವರು ಊಟಕ್ಕೆ ಹೋದಾಗ ತಾವೇ ನಡೆಸಿ ಕಲಿತಿದ್ದರಂತೆ. ಆಮೇಲೆ ಏಳು ತಿಂಗಳು ಕೂತು ಬೆನ್ನುಗಳನ್ನೆಲ್ಲ ಒಬ್ಬರೇ ಏರಿಸಿದರು.

ಜಡೆ ಹುಡುಗಿ ಬಂದ ದಿನ 'ದಿನ ಇಲ್ಲದವು' ನೋಟ್‌ಬುಕ್ಕಿನಲ್ಲಿ ಉಳಿದಿದ್ದವು ಹತ್ತೊಂಬತ್ತು. ಎಕ್ಸ್‌ಚೇಂಜಿನ ಸುದ್ದಿ ಅದರಲ್ಲೊಂದು. ಅಕ್ಕ ಅದನ್ನು ಹಿಂದೆ ಮೂರು ಸಲ ಹಿಡಿದು ಸೋತಿದ್ದರು. ಪುಸ್ತಕ, ಕೈಪಿಡಿ ಎರಡೂ ಎಕ್ಸ್‌ಚೇಂಜ್ ಮುಚ್ಚಿದ ವರ್ಷವನ್ನಷ್ಟೇ ಹೇಳುತ್ತವೆ, ಅದೂ ಎರಡೂ ಬೇರೆ ಬೇರೆ ವರ್ಷ. ಸಂಜೆ ಪತ್ರಿಕೆಯ ಕಚೇರಿ ಇದ್ದ ಕಡೆ ಈಗ ಚಪ್ಪಲಿ ಅಂಗಡಿ. ತುಣುಕಿನ ಬೆನ್ನಿಗಿದ್ದದ್ದು ಒಂದು ಪದಬಂಧದ ಅರ್ಧ ಚೌಕ. ಖಾಲಿ ಮನೆ, ಕಪ್ಪು ಮನೆ, ಅಷ್ಟೇ. ವಿಷಯ ಅಂತಿಮವಾಗಬೇಕಾದ್ದು ಶುಕ್ರವಾರ. ಅಂದು ಸೋಮವಾರ. ದಿನಾಂಕವಿಲ್ಲದ ಆಧಾರವನ್ನು ಒಪ್ಪುವುದಿಲ್ಲ, ಬೇರೆ ವಿಷಯ ಇಟ್ಟುಕೊಂಡಿರಿ ಎಂದು ಮೇಷ್ಟ್ರು ಹೇಳಿಯಾಗಿತ್ತು.

ಏಳು ಸಮುದ್ರದಾಚೆಯ ಗಿಳಿಯೊಳಗೆ ರಾಕ್ಷಸನ ಪ್ರಾಣ ಇರುತ್ತದಲ್ಲ, ಹಾಗೆ ಈ ಲೇಖನದ ಪ್ರಾಣ ಎಲ್ಲಿದೆ ಎಂದು ಅಕ್ಕನಿಗೆ ಗೊತ್ತಿತ್ತು. ಸಂಜೆ ಪತ್ರಿಕೆಯವರು ಇವತ್ತಿನ ಪದಬಂಧದ ಉತ್ತರವನ್ನು ನಾಳೆ ಅದೇ ಪುಟದಲ್ಲಿ ಹಾಕುತ್ತಿದ್ದರು. ಉತ್ತರದ ಚೌಕದಲ್ಲೂ ಕಪ್ಪು ಮನೆಗಳು ಅವೇ ಜಾಗದಲ್ಲಿ ಇರುತ್ತವೆ. ಮಾರನೇ ದಿನದ ಯಾವುದಾದರೂ ತುಣುಕಿನ ಬೆನ್ನಿಗೆ ಆ ಉತ್ತರ ಇದ್ದು, ಆ ತುಣುಕಿಗೆ ದಿನಾಂಕವೂ ಇದ್ದರೆ ಗೆದ್ದಂತೆ. ಆದರೆ ಆ ತುಣುಕು ಯಾವ ವಿಷಯದ್ದೋ, ಇನ್ನೂರ ಹನ್ನೆರಡರಲ್ಲಿ ಯಾವ ಡಬ್ಬದಲ್ಲಿದೆಯೋ.

ಎಕ್ಸ್‌ಚೇಂಜಿನ ತುಣುಕಿನ ಬೆನ್ನಿಗೆ ಟ್ರೇಸಿಂಗ್ ಪೇಪರ್ ಇಟ್ಟು ಕಪ್ಪು ಮನೆಗಳನ್ನು ಸೀಸದ ಕಡ್ಡಿಯಿಂದ ತುಂಬಿಕೊಂಡರು. ಪರದೆಯ ಮೇಲೆ ನೋಡಿದರೆ ಕಣ್ಣು ಸೋಲುತ್ತದೆಂದು ಡಬ್ಬಗಳನ್ನೇ ಇಳಿಸಿದರು. ಹುಡುಗಿ ಕ್ಲಾಸು ಮುಗಿದೊಡನೆ ಓಡಿ ಬರುತ್ತಿದ್ದಳು. ಸಂಜೆ ಪತ್ರಿಕೆಯ ಕಾಗದ ಉಳಿದವಕ್ಕಿಂತ ಕಂದು, ಮೂಸಿದರೆ ಹಳೆಯ ಮರದ ಪೆಟ್ಟಿಗೆಯ ವಾಸನೆ. ಎರಡನೇ ದಿನಕ್ಕೆ ಅವಳಿಗೂ ಕಣ್ಣುಮುಚ್ಚಿ ಗುರುತಿಸಲು ಬಂತು. ಸೋಮವಾರ ನಲವತ್ತು ಡಬ್ಬ, ಮಂಗಳವಾರ ಮೂವತ್ತಾರು. ಟ್ರೇಸಿಂಗ್ ಪೇಪರ್ ಯಾವ ಚೌಕದ ಮೇಲೂ ಕೂರಲಿಲ್ಲ.

ಬುಧವಾರ ಕನ್ನಡಕದ ತಾಳ್ಮೆ ಮುಗಿಯಿತು. ಸುಮಾರಾಗಿ ಒಂದು ತಾರೀಖು ಹಾಕಿಬಿಡೋಣ ಅಕ್ಕ, ಮುಚ್ಚಿ ಹೋದ ಪತ್ರಿಕೆ, ಯಾರು ನೋಡೋಕೆ ಬರ್ತಾರೆ ಎಂದ.

ಅಕ್ಕ ಕತ್ತರಿಯನ್ನು ಮೇಜಿನ ಮೇಲಿಟ್ಟರು. "ಯಾರೂ ಬರಲ್ಲ ಅಂದ್ಕೊಂಡೇ ಮಗ, ನಾನೂ ಅಂಚು ಕತ್ತರಿಸಿದ್ದು."

ಅಷ್ಟೇ. ಕನ್ನಡಕ ತಾನೂ ಒಂದು ಡಬ್ಬ ಇಳಿಸಿಕೊಂಡು ಕೂತನಂತೆ. ಆ ಸಂಜೆ ಅಕ್ಕ ಮನೆಗೆ ಹೋಗುವಾಗ ಬಾಗಿಲಲ್ಲಿ ನಿಂತು, ಸಿಗದೇ ಇದ್ದರೆ ನನ್ನ ಮೇಲೆ ಕೋಪ ಮಾಡ್ಕೋ ಪುಟ್ಟಿ, ಆ ಮನುಷ್ಯರ ಹಾಗೆ ಉಪಕಾರ ಅನ್ನಬೇಡ ಎಂದು ಹುಡುಗಿಗೆ ಹೇಳಿದರಂತೆ. ಇದನ್ನು ಅಕ್ಕ ನನಗೆ ಹೇಳಲಿಲ್ಲ. ಹುಡುಗಿ ಹೇಳಿದಳು.

ಗುರುವಾರ ಮಧ್ಯಾಹ್ನ, ನೂರ ಮೂವತ್ತೊಂದನೇ ಡಬ್ಬ. ಮೇಲೆ 'ಉದ್ಯಾನ' ಎಂದು ಬರೆದಿತ್ತು. ಹುಡುಗಿ ಒಂದು ಉದ್ದನೆಯ ಪಟ್ಟಿ ಎತ್ತಿಕೊಂಡಳು. ಪುಟದ ತಲೆಯಿಂದ ಕಾಲಿನವರೆಗೆ ಇಳಿದ ಒಂದೇ ಅಂಕಣ, 'ಊರಿನ ಚೂರುಪಾರು'. ಮೊದಲ ಚೂರು, ಉದ್ಯಾನದ ಕೊಳಕ್ಕೆ ಆರು ಹೊಸ ಬಾತುಕೋಳಿ ಬಂದ ಸುದ್ದಿ. ಪುಟದ ನೆತ್ತಿಯಿಂದಲೇ ಕತ್ತರಿಸಬೇಕಾಗಿ ಬಂದದ್ದರಿಂದ ದಿನಾಂಕ ಅದರ ಜೊತೆಗೇ ಉಳಿದುಬಿಟ್ಟಿತ್ತು, ಅಂದವಾಗಿ ಕತ್ತರಿಸುತ್ತಿದ್ದ ಆ ಎಂಟು ತಿಂಗಳಲ್ಲೂ. ಬೆನ್ನಿನ ಬುಡದಲ್ಲಿ ಪದಬಂಧದ ಉತ್ತರದ ಒಂದು ಸೀಳು. ಟ್ರೇಸಿಂಗ್ ಪೇಪರನ್ನು ಅದರ ಮೇಲಿಟ್ಟಾಗ ಕಪ್ಪು ಮನೆಯ ಮೇಲೆ ಕಪ್ಪು ಮನೆ ಹೋಗಿ ಕೂತಿತು. ಹುಡುಗಿ ಅದನ್ನು ಮೆಲ್ಲಗೆ ಅಕ್ಕನ ಕಡೆ ಸರಿಸಿದಳು.

ಅಕ್ಕ ತಮ್ಮ ಕನ್ನಡಕ ಹಾಕಿಕೊಂಡು, ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು. ಒಂದು ಸಾಕ್ಷಿ ಆಯಿತು, ಇನ್ನೊಂದು ಬೇಕು ಎಂದರು. ಪಟ್ಟಿಯನ್ನು ಮಗುಚಿ ಬಾತುಕೋಳಿಯಿಂದ ಕೆಳಗಿಳಿಯುತ್ತಾ ಓದಿದರು. ಆರನೆಯ ಚೂರಿನಲ್ಲಿ ಬೆರಳು ನಿಂತಿತು. 'ನಿನ್ನೆ ಮಧ್ಯಾಹ್ನದಿಂದ ತಾವೇ ನಂಬರು ತಿರುಗಿಸಬೇಕಾಗಿ ಬಂದ ಊರಿನ ಜನ ಅನೇಕರು ಯಾರ ಯಾರದೋ ಮನೆಗೆ ಫೋನ್ ಮಾಡಿ ಬೈಸಿಕೊಂಡರು.' ಮೂವತ್ತಮೂರು ವರ್ಷ ಆ ಸಾಲು ಬಾತುಕೋಳಿಗಳ ಕೆಳಗೆ ಬೆಚ್ಚಗೆ ಮಲಗಿತ್ತು. ಮೊದಲ ಚೂರನ್ನಷ್ಟೇ ಓದಿ ಡಬ್ಬಕ್ಕೆ ಹಾಕಿದ್ದವರೂ ಅಕ್ಕನೇ. "ಎರಡು ತಪ್ಪು ಮಾಡಿದ್ದೆ ನೋಡು. ಪೂರ್ತಿ ಓದಿದ್ದಿದ್ರೆ ಆ ಚೂರನ್ನ ಬೇರೆ ಕತ್ತರಿಸಿ ಅದರ ದಿನಾನೂ ಕಳೀತಿದ್ದೆ. ಎರಡನೇದು ಹೋಗಿ ಮೊದಲನೇದನ್ನ ಉಳಿಸಿಕೊಳ್ತು," ಎಂದು ಈಗ ಬಾಯ್ತುಂಬ ನಗುತ್ತಾರೆ. ಅಂದು ನಕ್ಕರೋ ಇಲ್ಲವೋ ಇಬ್ಬರು ಮಕ್ಕಳಿಗೂ ಸರಿಯಾಗಿ ನೆನಪಿಲ್ಲ. ಅಕ್ಕ ಮುಖ ತೊಳೆಯಲು ಹೋಗಿ ತುಂಬ ಹೊತ್ತು ಬರಲಿಲ್ಲ ಎಂಬುದಷ್ಟೇ ನೆನಪಿದೆ.

ಶುಕ್ರವಾರ ವಿಷಯ ಒಪ್ಪಿಗೆಯಾಯಿತು. ಮೂರು ವಾರದ ನಂತರ ಲೇಖನ ವಿಶ್ವಕೋಶಕ್ಕೆ ಏರಿತು. ಅದರಲ್ಲಿ ಅಜ್ಜಿಯ ಹೆಸರಿಲ್ಲ, ಏಳು ಮಂದಿ ಮಹಿಳಾ ಆಪರೇಟರುಗಳು ಎಂದಷ್ಟೇ ಇದೆ. ಹುಡುಗಿ ತುಣುಕಿನ ಚಿತ್ರವನ್ನು ದೊಡ್ಡದಾಗಿ ತೆಗೆಸಿ ಅಜ್ಜಿಗೆ ತೋರಿಸಿದಳು. ಬೆನ್ನು ಮಾಡಿ ಕೂತವರಲ್ಲಿ ಯಾರು ಯಾರೆಂದು ಅಜ್ಜಿಗೂ ಮೊದಲು ತಿಳಿಯಲಿಲ್ಲ. ಆಮೇಲೆ ಎರಡನೇ ಕುರ್ಚಿಯ ಕಾಲಿನ ಮೇಲೆ ಬೆರಳಿಟ್ಟರು. ಇದು ಕುಂಟು ಕುರ್ಚಿ, ನಾನೇ ಹಳೇ ಡೈರೆಕ್ಟರಿ ಹರಿದು ಮಡಿಸಿ ಇಟ್ಟಿದ್ದೆ, ರಿಪೇರಿ ಮಾಡಿಸಿ ಅಂತ ಇಪ್ಪತ್ತಾರು ವರ್ಷ ಹೇಳಿದೆ, ಒಬ್ಬರೂ ಕೇಳಲಿಲ್ಲ ಎಂದು ಚಿತ್ರಕ್ಕೇ ಗದರಿದರಂತೆ. ಕುರ್ಚಿ ಬಂದ ಮೇಲೆ ಕೂತವರು ಬಂದೇ ಬಂದರು.

ಲೇಖನ ಏರಿದ ದಿನ ಹುಡುಗಿ ಫೋನು ಹಿಡಿದುಕೊಂಡು ಮೊದಲು ಓಡಿದ್ದು ಅಕ್ಕನ ಮೇಜಿಗೆ. ಅಕ್ಕ ಶೀರ್ಷಿಕೆ ನೋಡಲಿಲ್ಲ, ಚಿತ್ರ ನೋಡಲಿಲ್ಲ. ಕೆಳಗಿನ ಸಾಲು ತೋರಿಸು ಎಂದರು. ಅಡಿಟಿಪ್ಪಣಿಯಲ್ಲಿ ಪತ್ರಿಕೆಯ ಹೆಸರು, ದಿನಾಂಕ, ಪುಟ ಐದು. ಆ ದಿನಾಂಕವನ್ನು ಗಟ್ಟಿಯಾಗಿ ಓದಿ, ನೋಟ್‌ಬುಕ್ಕು ತೆಗೆದು, ಒಂದು ಸಾಲಿನ ಮೇಲೆ ಗೆರೆ ಎಳೆದರು. ಹತ್ತೊಂಬತ್ತು ಹದಿನೆಂಟಾಯಿತು.

ಈ ವರ್ಷದ ಕೊನೆಗೆ ಅಕ್ಕನಿಗೆ ನಿವೃತ್ತಿ. ಹದಿನೆಂಟೂ ಮುಗಿಯುತ್ತವೆಯೇ ಎಂದರೆ, ಹದಿನೇಳು ಮುಗಿದಾವು ಎನ್ನುತ್ತಾರೆ. ಉಳಿಯುವ ಒಂದು ಗಿರಣಿ ಅಪಘಾತದ್ದು. ಅದರ ಬೆನ್ನಿಗೆ ಏನೂ ಇಲ್ಲ, ಜಾಹೀರಾತಿನ ಖಾಲಿ ಬಿಳಿ. ಆ ತುಣುಕನ್ನು ಅವರು ಮೇಜಿನ ಗಾಜಿನ ಕೆಳಗೆ, ದಿನವೂ ಕಣ್ಣಿಗೆ ಬೀಳುವ ಹಾಗೆ ಇಟ್ಟುಕೊಂಡಿದ್ದಾರೆ. ಅದರಿಂದಾಗಿಯೇ ಉಳಿದವುಗಳಲ್ಲಿ ಹತ್ತಿರ ಹತ್ತಿರ ಆರುನೂರಕ್ಕೆ ದಿನ ಸಿಕ್ಕಿದ್ದು, ಆ ಮನುಷ್ಯರು ಎಲ್ಲೇ ಇರಲಿ, ಉಪಕಾರ ನಾನು ಹೇಳಬೇಕಾದ್ದು ಎನ್ನುವುದು ಅವರ ಲೆಕ್ಕ.

ತರಗತಿಯ ಮಕ್ಕಳಿಗೆ ಈ ಸಲ ಇನ್ನೊಂದು ಆಸೆ ಹುಟ್ಟಿತು. ಮುಂದಿನ ವರ್ಷದವರಿಗೆ 'ಕತ್ತರಿ ಅಕ್ಕ' ಎಂಬುದನ್ನೇ ವಿಷಯವಾಗಿ ಕೊಡಿ ಎಂದು ಮೇಷ್ಟ್ರನ್ನು ಕೇಳಿದರು. ಮೇಷ್ಟ್ರಿಗೂ ಮನಸ್ಸಿತ್ತು. ಆದರೆ ಮೂರು ಆಧಾರವಿರಲಿ, ಅಕ್ಕನ ಬಗ್ಗೆ ಅಚ್ಚಾದ ಒಂದೇ ಒಂದು ಸಾಲು ಎಲ್ಲೂ ಇರಲಿಲ್ಲ. ಇನ್ನೂರ ಹನ್ನೆರಡು ಡಬ್ಬಗಳಲ್ಲಿ ಊರಿನ ಬಾತುಕೋಳಿಗಳೂ ಇವೆ, ಅಕ್ಕ ಇಲ್ಲ. ಇದನ್ನು ಕೇಳಿ ಅಕ್ಕನಿಗೆ ಬೇಸರವೇನೂ ಆಗಲಿಲ್ಲ. ಕತ್ತರಿಸೋಳ ಸುದ್ದಿ ಕತ್ತರಿಸೋರು ಯಾರು ಎಂದು ನಕ್ಕು ಅಂಟು ಕಲಸಲು ಎದ್ದರು.

ವಾರಾಂತ್ಯದ ಪುರವಣಿಗೆ ನಿಮ್ಮ ಬಗ್ಗೆ ಬರೆಯುತ್ತೇನೆ, ಎಲೆಮರೆಯ ಕಾಯಿಯ ಅಂಕಣಕ್ಕೆ ಎಂದು ನಾನು ಹೇಳಿದಾಗ, ಕಾಯಿ ಎಲ್ಲಿ ಬಂತಮ್ಮ, ಹಣ್ಣಾಗಿ ಉದುರೋ ಹೊತ್ತಾಯಿತು ಎಂದರು. ಮನೆಯಲ್ಲಿ ದರ್ಜಿ ಯಜಮಾನರು, ಪೇಪರಿನಲ್ಲಿ ಬರುತ್ತೀಯ ಅಂದರೆ ನಿನ್ನ ರವಿಕೆಗೆ ಹೊಸ ತೋಳು ಹಾಕಿಕೊಡಲೇ ಎಂದು ಕೇಳಿದರಂತೆ. ಫೋಟೋ ಬೇಡ ಎಂದು ಅಕ್ಕ ಹೇಳಿಬಿಟ್ಟಿದ್ದಾರೆ. ಕೇಳಿದ್ದು ಒಂದೇ: ಯಾವ ದಿನ ಬರುತ್ತೆ, ಯಾವ ಪುಟ? ಭಾನುವಾರ, ಬಹುಶಃ ಐದನೇ ಪುಟ ಎಂದೆ. ಐದನೇದಾ ಎಂದು ಅವರ ಕಣ್ಣು ಅರಳಿತು. ಬೆನ್ನಿಗೆ ಏನು ಬರುತ್ತೆ ಎಂದು ಕೇಳಿದರು. ಅದು ನನಗೆ ಗೊತ್ತಿರಲಿಲ್ಲ. ಹಾಗಾದರೆ ಯಾವ ಡಬ್ಬಕ್ಕೆ ಹಾಕುತ್ತೀರಿ ಅಕ್ಕ ಎಂದು ನಾನು ತಿರುಗಿ ಕೇಳಿದೆ.

ಅಕ್ಕ ಕಿಟಕಿಯಾಚೆ ನೋಡುತ್ತಾ ಯೋಚಿಸಿದರು. ಹೊರಗೆ ಬಿಸಿಲು ಮೆಟ್ಟಿಲಿನವರೆಗೆ ಬಂದಿತ್ತು.

"ಟೆಲಿಫೋನ್ ಡಬ್ಬಕ್ಕೆ ಹಾಕ್ತೀನಿ. ಆ ಏಳು ಜನರ ಹಿಂದೆ ಒಂದು ಕುರ್ಚಿ ಇದ್ದರೆ ಸಾಕು," ಎಂದು ಕತ್ತರಿಯನ್ನು ಸೊಂಟಕ್ಕೆ ಕಟ್ಟಿಕೊಂಡರು. "ನೀನು ಬರಿ ಮಗಳೇ. ಈ ಸಲ ಅಂಚು ಬಿಟ್ಟೇ ಕತ್ತರಿಸ್ತೀನಿ."